'ಬೆಂಗಳೂರು ಮುಸ್ಲಿಮ್ಸ್'ನಿಂದ ಎರಡನೇ ದರ್ಜೆಯ ಲೀಗ್‌ವರೆಗೆ: ಮರೆತುಹೋದ ಒಂದು ಕಾಲ್ಚೆಂಡಿನ ಚರಿತ್ರೆ

ಮಧುಗಿರಿಯಿಂದ ಶಿರಾ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಊರು ಬಡವನಹಳ್ಳಿ. ಈ ಬಯಲುಸೀಮೆಯ ಊರುಗಳಲ್ಲಿ ಸಂಜೆಯಾದರೆ ಹುಡುಗರು ಕ್ರಿಕೆಟ್ ಆಡುತ್ತಾರೆ, ವಾಲಿಬಾಲ್ ಆಡುತ್ತಾರೆ. ಕಾಲ್ಚೆಂಡು ಆಡುವವರು ಕಡಿಮೆ. ಆದರೂ ಮೆಸ್ಸಿ, ರೊನಾಲ್ಡೊ ಹೆಸರು ಕೇಳದ ಹುಡುಗನಿಲ್ಲ. ಇಲ್ಲಿಂದ ನೂರು ಕಿಲೋಮೀಟರಿಗೆ ತುಸು ಹೆಚ್ಚು ದೂರದಲ್ಲಿರುವ ಬೆಂಗಳೂರಿನ ಅಹ್ಮದ್ ಖಾನ್ ಹೆಸರನ್ನು ಮಾತ್ರ ಯಾರೂ ಕೇಳಿರಲಾರರು. 'ಬೆಂಗಳೂರು ಮುಸ್ಲಿಮ್ಸ್' ಎಂದರೆ ಅದು ಯಾವುದೋ ಮತೀಯ ಸಂಘಟನೆ ಇರಬೇಕೆಂದು ಹುಬ್ಬೇರಿಸುವವರೇ ಹೆಚ್ಚು. ಅದು ಒಂದು ಫುಟ್‌ಬಾಲ್ ತಂಡ. ಅಷ್ಟೇ ಅಲ್ಲ, ಈ ದೇಶದ ಕ್ರೀಡಾ ಚರಿತ್ರೆಯಲ್ಲಿ ಕನ್ನಡನಾಡು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದ ತಂಡ.

ಬೆಂಗಳೂರಿಗೆ ಕಾಲ್ಚೆಂಡು ಬಂದದ್ದು ದಂಡಿನ ಜೊತೆಗೆ. 1809ರಲ್ಲಿ ಬ್ರಿಟಿಷರು ಇಲ್ಲಿ ದಂಡುಪ್ರದೇಶ ಸ್ಥಾಪಿಸಿದ ಮೇಲೆ ಸಿಪಾಯಿಗಳು, ಅಡುಗೆಯವರು, ಕೂಲಿಗಳು, ವ್ಯಾಪಾರಿಗಳು ಅದರ ಸುತ್ತ ಬಂದು ನೆಲೆಸಿದರು. ತಮಿಳು ಮಾತನಾಡುವ ದಲಿತರು, ಉರ್ದು ಮಾತನಾಡುವ ಮುಸ್ಲಿಮರು, ಆಂಗ್ಲೋ ಇಂಡಿಯನ್ನರು ಒಂದೇ ಗಲ್ಲಿಯ ಎರಡು ಬದಿಯಲ್ಲಿ ಬದುಕಿದರು. ಗೋರಾ ಸೈನಿಕರು ಬೂಟು ಹಾಕಿ ಆಡುತ್ತಿದ್ದ ಆಟವನ್ನು ಇವರ ಮಕ್ಕಳು ಬರಿಗಾಲಿನಲ್ಲಿ ಕಲಿತರು. ಹಲಸೂರಿನ ಗೌತಮಪುರ, ಆಸ್ಟಿನ್ ಟೌನ್ ಮುಂತಾದ ಬಡವರ ಬಡಾವಣೆಗಳು ಕಾಲ್ಚೆಂಡಿನ ತವರಾದದ್ದು ಹೀಗೆ. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ ಎಂಬುದನ್ನು ನೆನೆದರೆ ಆ ಜನರಿಗೆ ಈ ಆಟ ಏನಾಗಿತ್ತು ಎಂಬುದು ಅರ್ಥವಾಗುತ್ತದೆ.

ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಆರಂಭವಾಯಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಬ್ರಿಟಿಷ್ ತಂಡಗಳೇ ಗೆಲ್ಲುತ್ತಾ ಬಂದವು. 1923ರಲ್ಲಿ ಕಲ್ಕತ್ತೆಯ ಮೋಹನ್ ಬಾಗಾನ್ ಫೈನಲ್‌ವರೆಗೆ ಹೋಗಿಯೂ ಬರಿಗೈಯಲ್ಲಿ ಮರಳಿತ್ತು. 1937ರಲ್ಲಿ ಆ ಬೀಗ ಒಡೆದದ್ದು ಬೆಂಗಳೂರು ಮುಸ್ಲಿಮ್ಸ್. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಅದು. ಫೈನಲ್‌ನಲ್ಲಿ ಎದುರಾಳಿಯಾಗಿದ್ದದ್ದು ಕಲ್ಕತ್ತೆಯ ಮೊಹಮ್ಮದನ್ ಸ್ಪೋರ್ಟಿಂಗ್. 1934ರಿಂದ 1938ರವರೆಗೆ ಸತತ ಐದು ಬಾರಿ ಕಲ್ಕತ್ತಾ ಲೀಗ್ ಗೆದ್ದ ತಂಡ. ಮರುವರ್ಷ, 1938ರಲ್ಲಿ, ಬೆಂಗಳೂರಿನವರು ಬ್ರಿಟಿಷ್ ಸೇನೆಯ ಆರ್ಗೈಲ್ ಅಂಡ್ ಸದರ್ಲ್ಯಾಂಡ್ ಹೈಲ್ಯಾಂಡರ್ಸ್ ತಂಡವನ್ನು ಸೋಲಿಸಿ ಕಪ್ ಉಳಿಸಿಕೊಂಡರು.

ಇಲ್ಲಿ ಒಂದು ಪ್ರಶ್ನೆಯನ್ನು ನಾವು ಮುಚ್ಚಿಡಬಾರದು. ತಂಡಕ್ಕೆ ಸಮುದಾಯದ ಹೆಸರು ಇಡುವುದು ಸರಿಯೇ? ಅದು ಆ ಕಾಲದ ರೂಢಿಯಾಗಿತ್ತು. ಮುಂಬಯಿಯ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂಗಳು, ಪಾರ್ಸಿಗಳು, ಮುಸ್ಲಿಮರು, ಯುರೋಪಿಯನ್ನರು ಬೇರೆ ಬೇರೆ ತಂಡಗಳಾಗಿ ಆಡುತ್ತಿದ್ದರು. ಗಾಂಧೀಜಿಯವರು ಅದನ್ನು ಒಪ್ಪಲಿಲ್ಲ. 1946ರ ಹೊತ್ತಿಗೆ ಅದು ನಿಂತಿತು. ಗಾಂಧೀಜಿಯವರ ಆತಂಕ ನ್ಯಾಯವಾದದ್ದೇ. ಆದರೆ ಹೆಸರಿನ ಹಿಂದೆ ಏನಿತ್ತು ಎಂಬುದನ್ನೂ ನೋಡಬೇಕು. ದೇಶ ವಿಭಜನೆಯಾದ ಮರುವರ್ಷ, 1948ರಲ್ಲಿ, ಎರಡೂ ಕಡೆ ರಕ್ತದ ಕಲೆ ಇನ್ನೂ ಆರಿರಲಿಲ್ಲ. ಅದೇ ವರ್ಷ ಬೆಂಗಳೂರು ಮುಸ್ಲಿಮ್ಸ್ ಎಂಬ ಅದೇ ಹೆಸರಿನ ತಂಡ ಮುಂಬಯಿಗೆ ಹೋಗಿ ಮೋಹನ್ ಬಾಗಾನನ್ನು ಸೋಲಿಸಿ ಮೂರನೇ ಬಾರಿ ರೋವರ್ಸ್ ಕಪ್ ತಂದಿತು. ಹೆಸರಿನಲ್ಲಿ ಸಮುದಾಯವಿತ್ತು, ಅದರ ಮುಂದೆ ಬೆಂಗಳೂರೂ ಇತ್ತು. ಎರಡನ್ನೂ ಒಟ್ಟಿಗೆ ಹೊರಲು ಸಾಧ್ಯ ಎಂಬುದನ್ನು ಆ ಹುಡುಗರು ಮೈದಾನದಲ್ಲಿ ತೋರಿಸಿದ್ದರು.

ಅಹ್ಮದ್ ಖಾನ್ ಅವರ ಬದುಕು ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಪರವಾಗಿ ಆಡಿದರು. ಅಂದು ಭಾರತದ ಹೆಚ್ಚಿನ ಆಟಗಾರರು ಬರಿಗಾಲಿನಲ್ಲೇ ಇದ್ದರು. ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಕೂಡ ಬೆಂಗಳೂರಿನವರೇ. 1949ರಲ್ಲಿ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಆ ಕ್ಲಬ್ಬಿನ ಬೆಂಬಲಿಗರಲ್ಲಿ ಪೂರ್ವ ಬಂಗಾಳದಿಂದ ಮನೆಮಠ ಕಳೆದುಕೊಂಡು ಬಂದ ಹಿಂದೂ ನಿರಾಶ್ರಿತರ ದೊಡ್ಡ ಸಮೂಹವಿತ್ತು. ಆ ಜನ ಬೆಂಗಳೂರಿನ ಈ ಮುಸ್ಲಿಮ್ ಯುವಕನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಹ್ಮದ್ ಖಾನ್, ಸಾಲೆ, ಅಪ್ಪಾರಾವ್, ಧನರಾಜ್, ವೆಂಕಟೇಶ್ ಎಂಬ ಐವರು ಮುಂಚೂಣಿ ಆಟಗಾರರಿಗೆ ಅವರು ಇಟ್ಟ ಹೆಸರು 'ಪಂಚ ಪಾಂಡವರು'! ಪಾಂಡವರಲ್ಲಿ ಇಬ್ಬರು ಮುಸ್ಲಿಮರು ಎಂಬುದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ. 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದಲ್ಲೂ ಅವರಿದ್ದರು. 2017ರ ಆಗಸ್ಟ್‌ನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು.

ಆ ತಲೆಮಾರಿನ ಆಟ ಮುಂದೆ ಹೇಗೆ ಉಳಿಯಿತು? ಸ್ವಾತಂತ್ರ್ಯಾನಂತರ ಅದನ್ನು ಸಾಕಿದ್ದು ಕಾರ್ಖಾನೆಗಳು. ಎಚ್ಎಎಲ್, ಐಟಿಐ, ಬಿಇಎಂಎಲ್ ಮುಂತಾದ ಸಾರ್ವಜನಿಕ ಉದ್ದಿಮೆಗಳು, ಎಂಇಜಿಯಂತಹ ಸೇನಾ ಘಟಕಗಳು ಆಟಗಾರರಿಗೆ ಕೆಲಸ ಕೊಟ್ಟವು. ಚೆನ್ನಾಗಿ ಆಡುವ ಹುಡುಗನಿಗೆ ಕಾಯಂ ಉದ್ಯೋಗ, ಅಭ್ಯಾಸಕ್ಕೆ ಬಿಡುವು, ನಿವೃತ್ತಿಯ ನಂತರ ಪಿಂಚಣಿ. ಗಲ್ಲಿಯಿಂದ ಬಂದ ಹುಡುಗನ ಮನೆಯಲ್ಲಿ ಒಲೆ ಉರಿಯುತ್ತಿದ್ದದ್ದು ಕಾಲಿನ ಕಸುಬಿನಿಂದ. ಬೆಂಗಳೂರು ಲೀಗ್ ವಿಭಾಗ ವಿಭಾಗವಾಗಿ ಜೋಡಿಸಿದ ಏಣಿಯಾಗಿತ್ತು: ಕೆಳಗೆ ಬಡಾವಣೆಯ ಕ್ಲಬ್ಬುಗಳು, ಮೇಲೆ ಕಾರ್ಖಾನೆಗಳ ತಂಡಗಳು. ಗೆದ್ದವನು ಒಂದು ಮೆಟ್ಟಿಲು ಹತ್ತುತ್ತಾನೆ, ಸೋತವನು ಒಂದು ಮೆಟ್ಟಿಲು ಇಳಿಯುತ್ತಾನೆ. ಈ ಏಣಿಯ ಬಲದಿಂದಲೇ ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು.

1990ರ ದಶಕದ ಉದಾರೀಕರಣದ ನಂತರ ಕಾರ್ಖಾನೆಗಳಲ್ಲಿ ನೇಮಕಾತಿ ಕುಗ್ಗಿತು. ಅದೇ ಹೊತ್ತಿಗೆ, 1996ರಲ್ಲಿ, ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಆರಂಭವಾಯಿತು; 2007ರಲ್ಲಿ ಅದರ ಜಾಗಕ್ಕೆ ಐ-ಲೀಗ್ ಬಂತು, 2008ರಿಂದ ಅದರ ಕೆಳಗೆ ಎರಡನೇ ದರ್ಜೆಯ ಲೀಗ್ ನಡೆಯಿತು. ಎಚ್ಎಎಲ್ ತಂಡ 2010ರಲ್ಲಿ ಈ ಎರಡನೇ ದರ್ಜೆಯಿಂದ ಮೇಲೇರಿತು. ಲಕ್ಷಾಂತರ ರೂಪಾಯಿ ಕೊಟ್ಟು ವಿದೇಶಿ ಆಟಗಾರರನ್ನು ತರುವ ಕ್ಲಬ್ಬುಗಳ ಎದುರು ಕಾರ್ಖಾನೆಯ ನೌಕರರು ಎರಡು ಋತು ಹೋರಾಡಿದರು. 2011-12ರ ಕೊನೆಗೆ ಕೆಳಗಿಳಿದರು. ಮರುವರ್ಷ 2013ರಲ್ಲಿ ದೊಡ್ಡ ಕಂಪನಿಯ ಬಂಡವಾಳದೊಂದಿಗೆ ಹುಟ್ಟಿದ ಬೆಂಗಳೂರು ಎಫ್‌ಸಿ ಕೆಳಗಿನ ಮೆಟ್ಟಿಲು ತುಳಿಯದೆ ನೇರವಾಗಿ ಐ-ಲೀಗ್ ಪ್ರವೇಶಿಸಿ ಮೊದಲ ಪ್ರಯತ್ನದಲ್ಲೇ ಪ್ರಶಸ್ತಿ ಗೆದ್ದಿತು. ಆ ಸಾಧನೆ ಸಣ್ಣದಲ್ಲ, ಅದು ನಗರಕ್ಕೆ ಹೊಸ ಪ್ರೇಕ್ಷಕರನ್ನು ತಂದಿತು. ಆದರೆ ಏಣಿಯ ಅರ್ಥ ಅಂದಿನಿಂದ ಬದಲಾಯಿತು. ಹಣವಿದ್ದವನಿಗೆ ಲಿಫ್ಟು, ಇಲ್ಲದವನಿಗೆ ಮೆಟ್ಟಿಲು.

2014ರಲ್ಲಿ ಬಂದ ಇಂಡಿಯನ್ ಸೂಪರ್ ಲೀಗ್ ಅನೇಕ ವರ್ಷ ಕೆಳಗಿನವರಿಗೆ ಬಾಗಿಲನ್ನೇ ತೆರೆಯಲಿಲ್ಲ. ಐ-ಲೀಗ್ ಗೆದ್ದ ತಂಡಕ್ಕೆ ಅಲ್ಲಿ ಪ್ರವೇಶ ಸಿಕ್ಕಿದ್ದು 2022-23ರ ವಿಜೇತರಿಂದ ಮೊದಲ್ಗೊಂಡು ಮಾತ್ರ. ಈ ಸಂದಿಯಲ್ಲಿ ಮೇಲೆ ಬಂದವರಲ್ಲಿ ಒಬ್ಬರು ನಮ್ಮ ಹಳೆಯ ಪರಿಚಿತರು: ಮೊಹಮ್ಮದನ್ ಸ್ಪೋರ್ಟಿಂಗ್. 2014ರಲ್ಲಿ ಐ-ಲೀಗ್‌ನಿಂದ ಎರಡನೇ ದರ್ಜೆಗೆ ಬಿದ್ದ ಆ ಕ್ಲಬ್ ಆರು ವರ್ಷ ಅಲ್ಲಿಯೇ ತೆವಳಿ, 2020ರ ಅರ್ಹತಾ ಪಂದ್ಯಾವಳಿಯಲ್ಲಿ ಎಫ್‌ಸಿ ಬೆಂಗಳೂರು ಯುನೈಟೆಡ್ ಮೊದಲಾದವರನ್ನು ಹಿಂದಿಕ್ಕಿ ಮತ್ತೆ ಎದ್ದಿತು. 2023-24ರಲ್ಲಿ ಐ-ಲೀಗ್ ಗೆದ್ದು ಸೂಪರ್ ಲೀಗ್ ಮುಟ್ಟಿತು. ಬೆಂಗಳೂರಿನಿಂದಲೂ ಒಬ್ಬರು ಹತ್ತಿದರು. ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು 2023ರಲ್ಲಿ ಮೂರನೇ ದರ್ಜೆಯಿಂದ ಬಂದು, 2023-24ರ ಎರಡನೇ ದರ್ಜೆಯ ಚಾಂಪಿಯನ್ ಆಗಿ, 2024-25ರಲ್ಲಿ ಐ-ಲೀಗ್ ಆಡಿತು. ಒಂದೇ ವರ್ಷದಲ್ಲಿ ಮತ್ತೆ ಕೆಳಗಿಳಿಯಿತು. ಟಿವಿಯ ಹಣವಿಲ್ಲ, ಪ್ರೇಕ್ಷಕರು ಕಡಿಮೆ, ಕಾಶ್ಮೀರದಿಂದ ಮಿಜೋರಾಮಿನವರೆಗೆ ತಂಡವನ್ನು ಕರೆದೊಯ್ಯುವ ಖರ್ಚು ಮಾತ್ರ ದೊಡ್ಡದು. ಕೆಳ ದರ್ಜೆಯ ಕ್ಲಬ್ಬುಗಳು ಹುಟ್ಟಿದಷ್ಟೇ ಬೇಗ ಸೊರಗುವುದಕ್ಕೆ ಇದೇ ಕಾರಣ.

ಆದರೂ ಬೇರು ಒಣಗಿಲ್ಲ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಪ್ರಶಸ್ತಿ ಪಡೆಯಿತು. ಮೈಸೂರು ಎಂಬ ಹೆಸರು ಹೋಗಿ ಕರ್ನಾಟಕವಾದ ಮೇಲೆ ಅದೇ ಮೊದಲ ಗೆಲುವು. ಆ ಗೆಲುವಿಗೆ ನೆಲ ಹದಮಾಡಿದ್ದು ಪತ್ರಿಕೆಗಳ ಕ್ರೀಡಾಪುಟದಲ್ಲಿ ಒಂದು ಸಾಲೂ ಕಾಣದ ಸ್ಥಳೀಯ ಲೀಗ್‌ಗಳು.

ಈ ಚರಿತ್ರೆಯನ್ನು ನಾವು ಈಗ ನೆನೆಯುವುದಕ್ಕೆ ಎರಡು ಕಾರಣಗಳಿವೆ. ಮುಸ್ಲಿಮರು ಈ ನಾಡಿಗೆ ಏನು ಕೊಟ್ಟರು ಎಂದು ಕೇಳುವವರಿಗೆ ಮಸೀದಿ, ಕೋಟೆ, ಸೂಫಿ ಸಂತರ ಜೊತೆಗೆ ಒಂದು ಚೆಂಡನ್ನೂ ತೋರಿಸಬಹುದು ಎಂಬುದು ಮೊದಲನೆಯದು. ನಮ್ಮ ಸಮುದಾಯದವರೇ ಆ ಚೆಂಡನ್ನು ಮರೆತಿದ್ದೇವೆ ಎಂಬುದು ಎರಡನೆಯದು. ಎಷ್ಟು ಮದ್ರಸಗಳ, ಎಷ್ಟು ಶಾಲೆಗಳ ಅಂಗಳದಲ್ಲಿ ಇಂದು ಆಡಲು ಜಾಗವಿದೆ? ತಾಲೂಕು ಮಟ್ಟದಲ್ಲಿ ವರ್ಷಕ್ಕೊಂದು ಲೀಗ್ ನಡೆಸಲು ಬೇಕಾಗುವ ಹಣ ಒಂದು ಆಡಂಬರದ ಮದುವೆಗಿಂತ ಹೆಚ್ಚಾಗಲಾರದು. ಬಡವನಹಳ್ಳಿಯ ಹುಡುಗ ಮಧುಗಿರಿಗೆ, ಮಧುಗಿರಿಯವನು ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ ಏರಲು ಒಂದೊಂದು ಮೆಟ್ಟಿಲು ಸಾಕು. ಬರಿಗಾಲಿನಲ್ಲಿ ಒಲಿಂಪಿಕ್ಸ್ ತಲುಪಿದವರ ನಾಡು ಇದು. ಕಾಲುಗಳು ಈಗಲೂ ಇವೆ, ಏಣಿಯನ್ನು ಹೂಡಬೇಕಾದವರು ನಾವು.