ಫ್ರೀನೋಡ್

ಫ್ರೀನೋಡ್ ಎಂಬುದು ಮುಕ್ತ ತಂತ್ರಾಂಶ ಸಮುದಾಯಗಳ ಮಾತುಕತೆಗಾಗಿ ಸ್ವಯಂಸೇವಕರು ದೀರ್ಘಕಾಲ ನಡೆಸಿದ ಸಂವಾದಜಾಲ. ಇದಕ್ಕೆ ಆಧಾರವಾದ ಇಂಟರ್ನೆಟ್ ರಿಲೇ ಚಾಟ್ ಅಥವಾ ಐಆರ್‌ಸಿ ಪದ್ಧತಿಯನ್ನು 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ರೂಪಿಸಿದರು. ಇದರಲ್ಲಿ ಹಲವು ಸರ್ವರ್‌ಗಳು ಪರಸ್ಪರ ಬೆಸೆದುಕೊಂಡು, ಒಂದಕ್ಕೆ ಬಂದ ಸಂದೇಶವನ್ನು ಒಡನೆಯೇ ಉಳಿದವುಗಳಿಗೆ ದಾಟಿಸುತ್ತವೆ. ಬಳಕೆದಾರರು ಚಾನೆಲ್ ಎನ್ನಲಾಗುವ, ವಿಷಯಕ್ಕೊಂದರಂತೆ ಇರುವ ಕೂಟಗಳಲ್ಲಿ ಸೇರುತ್ತಾರೆ.

1990ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ರಾಬ್ ಲೆವಿನ್, ಲಿನಕ್ಸ್ ಕಲಿಯುವವರಿಗೆ ನೆರವಾಗಲೆಂದು ಬೇರೊಂದು ಐಆರ್‌ಸಿ ಜಾಲದಲ್ಲಿ ತೆರೆದ ಒಂದೇ ಚಾನೆಲ್ ಫ್ರೀನೋಡಿನ ಮೂಲ. ಅದು ಬೆಳೆದು 1998ರಲ್ಲಿ ಓಪನ್ ಪ್ರಾಜೆಕ್ಟ್ಸ್ ನೆಟ್‌ವರ್ಕ್ ಆಗಿ, 2002ರಲ್ಲಿ ಫ್ರೀನೋಡ್ ಎಂಬ ಹೆಸರು ಪಡೆಯಿತು. 2006ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದ ಲೆವಿನ್ ಕಾರು ಡಿಕ್ಕಿಯಾಗಿ ತೀರಿಕೊಂಡ ಮೇಲೂ ಸ್ವಯಂಸೇವಕರು ಜಾಲವನ್ನು ನಿಲ್ಲಗೊಡಲಿಲ್ಲ. ಆದರೆ ಅದೇ ವರ್ಷ ಡೆಬಿಯನ್ ಎಂಬ ಮುಕ್ತ ತಂತ್ರಾಂಶ ಯೋಜನೆ ತನ್ನ ಅಧಿಕೃತ ಚಾನೆಲ್‌ಗಳನ್ನು ಫ್ರೀನೋಡಿನಿಂದ ಓಎಫ್‌ಟಿಸಿ ಎಂಬ ಇನ್ನೊಂದು ಸ್ವಯಂಸೇವಾ ಜಾಲಕ್ಕೆ ವರ್ಗಾಯಿಸಿತ್ತು.

ಫ್ರೀನೋಡಿನ ವೈಶಿಷ್ಟ್ಯವಿದ್ದುದು ಅದರ ಕಟ್ಟುಪಾಡುಗಳಲ್ಲಿ. ಒಂದು # ಚಿಹ್ನೆಯ ಚಾನೆಲ್‌ಗಳು ಆಯಾ ಯೋಜನೆಗೇ ಮೀಸಲಾಗಿದ್ದರೆ, ಯಾರು ಬೇಕಾದರೂ ತೆರೆಯಬಹುದಾದ ಚರ್ಚಾಚಾನೆಲ್‌ಗಳಿಗೆ ಎರಡು # ಇರುತ್ತಿದ್ದವು. ಬಳಕೆದಾರರ ಅಂತರಜಾಲ ವಿಳಾಸವನ್ನು ಮರೆಮಾಡುವ 'ಕ್ಲೋಕ್' ಎಂಬ ಮುಸುಕಿನಲ್ಲಿ ಅವರ ಯೋಜನೆಯ ಹೆಸರೇ ಕಾಣುತ್ತಿದ್ದುದರಿಂದ, ವಿಕಿಪೀಡಿಯದ ಸಂಪಾದಕರನ್ನು ಅಪರಿಚಿತರೂ ಗುರುತಿಸಬಹುದಿತ್ತು. ಇಂಥ ಗುರುತು ನೀಡುವ ಮೊದಲು ಯೋಜನೆಯ ಪ್ರತಿನಿಧಿಗಳ ಒಪ್ಪಿಗೆ ಪಡೆಯುತ್ತಿದ್ದ ಸ್ವಯಂಸೇವಕರ ಶ್ರಮವೇ ಜಾಲದ ನಿಜವಾದ ಬಂಡವಾಳ.

ಆದರೆ ಕಾನೂನಿನ ದೃಷ್ಟಿಯಲ್ಲಿ ಬಂಡವಾಳ ಬೇರೆಡೆ ಇತ್ತು. ಜಾಲಕ್ಕೆ ಆಶ್ರಯ ನೀಡಿದ್ದ ಲಾಭರಹಿತ ಸಂಸ್ಥೆ 2013ರಲ್ಲಿ ವಿಸರ್ಜನೆಗೊಂಡಿತು. 2017ರಲ್ಲಿ ಫ್ರೀನೋಡ್ ಲಿಮಿಟೆಡ್ ಎಂಬ ಕಂಪನಿಯ ಒಡೆತನ ಉದ್ಯಮಿ ಆಂಡ್ರೂ ಲೀ ಅವರಿಗೆ ಸೇರಿತು. ಜಾಲದ ನಿಯಂತ್ರಣ ಯಾರದೆಂಬ ವಿವಾದ ಬಿಗಡಾಯಿಸಿ, 2021ರ ಮೇ 19ರಂದು ಸ್ವಯಂಸೇವಕ ಸಿಬ್ಬಂದಿ ಸಾಮೂಹಿಕವಾಗಿ ರಾಜೀನಾಮೆ ನೀಡಿ ಲಿಬೆರಾ ಚಾಟ್ ಜಾಲವನ್ನು ಆರಂಭಿಸಿದರು. ಲೀ ಅವರದು ಜಾಲದ ಬಲವಂತದ ಸ್ವಾಧೀನವೆಂದು ಸಿಬ್ಬಂದಿ ಆರೋಪಿಸಿದರೆ, ಲೀ ಅದನ್ನು ನಿರಾಕರಿಸಿದರು. ಒಂದು ವಾರದೊಳಗೆ, ಶೀರ್ಷಿಕೆಯಲ್ಲಿ ಲಿಬೆರಾದ ಹೆಸರಿದ್ದ ನೂರಾರು ಚಾನೆಲ್‌ಗಳನ್ನು ಫ್ರೀನೋಡಿನ ಹೊಸ ಆಡಳಿತ ವಶಪಡಿಸಿಕೊಂಡಿತು. ಯೋಜನೆಗಳ ವಲಸೆಗೆ ಇದರಿಂದ ವೇಗ ಬಂತು. ವಿಕಿಮೀಡಿಯ, ಉಬುಂಟು, ಜೆಂಟೂ, ಗ್ನೂ ಲಿಬೆರಾಕ್ಕೆ ತೆರಳಿದವು. ಜೂನ್‌ನಲ್ಲಿ ಫ್ರೀನೋಡ್ ಹೊಸ ತಂತ್ರಾಂಶಕ್ಕೆ ಬದಲಾದಾಗ, ಹೆಸರು ಮತ್ತು ಚಾನೆಲ್‌ಗಳ ಹಳೆಯ ನೋಂದಣಿಗಳು ಅಲ್ಲಿ ಉಳಿಯಲಿಲ್ಲ.

ಲಿಬೆರಾ ಚಾಟ್ ಇಂದು ಸ್ವೀಡನ್ನಿನಲ್ಲಿ ನೆಲೆಗೊಂಡ ಲಾಭರಹಿತ ಸಂಘವಾಗಿದ್ದು, ಅದನ್ನು ನಡೆಸುವ ಸ್ವಯಂಸೇವಕರೇ ಅದರ ಸದಸ್ಯರಾಗಿದ್ದಾರೆ.