ಒಂದು ಬ್ಲಾಕಿಗೆ ಒಂದೇ ರೈಲು

ಬೆಳಗೋಡಿನವರಾದ ನಮಗೆ ಬಾಳ್ಳುಪೇಟೆ, ಸಕಲೇಶಪುರ ನಿಲ್ದಾಣಗಳು ಪರಿಚಿತ. ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗ 1979ರಲ್ಲಿ ಪೂರ್ಣಗೊಂಡಿತು. ಬ್ರಾಡ್‌ಗೇಜ್ ಆದ ಬಳಿಕ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಘಾಟಿಯಲ್ಲಿ ಒಂಟಿ ಹಳಿ, 57 ಸುರಂಗಗಳು. ಎದುರಿನ ರೈಲನ್ನು ಕಣ್ಣಿಂದ ಕಂಡು ನಿಲ್ಲಿಸುವಷ್ಟು ಸಮಯ ಅಲ್ಲಿ ಸಿಗದು. ಆದ್ದರಿಂದ ಮಾರ್ಗವನ್ನು ‘ಬ್ಲಾಕ್’ಗಳಾಗಿ ವಿಂಗಡಿಸಿ, ಒಂದರಲ್ಲಿ ಒಮ್ಮೆಗೆ ಒಂದೇ ರೈಲನ್ನು ಬಿಡುವುದು ರೈಲ್ವೆಯ ಹಳೆಯ ನಿಯಮ.

ರೈಲು ಇರುವುದನ್ನು ಹಳಿಯೇ ತಿಳಿಸುವ ಉಪಾಯಕ್ಕೆ 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದರು. ಹಳಿಯ ಒಂದು ಭಾಗವನ್ನು ಅಕ್ಕಪಕ್ಕದ ಹಳಿಗಳಿಂದ ವಿದ್ಯುತ್ ದಾಟದಂತೆ ಬೇರ್ಪಡಿಸಿ, ಒಂದು ತುದಿಗೆ ಬ್ಯಾಟರಿ, ಇನ್ನೊಂದಕ್ಕೆ ರಿಲೇ ಜೋಡಿಸುತ್ತಾರೆ. ಹಳಿ ಖಾಲಿಯಿದ್ದರೆ ಕರೆಂಟು ರಿಲೇಯನ್ನು ತಲುಪಿ ಹಸಿರು ದೀಪ ಉರಿಯುತ್ತದೆ. ರೈಲು ಬಂದರೆ ಚಕ್ರ, ಅಚ್ಚುಗಳ ಮೂಲಕವೇ ಕರೆಂಟು ಹಿಂತಿರುಗುವುದರಿಂದ ರಿಲೇ ಬಿಟ್ಟುಕೊಂಡು ಕೆಂಪು ದೀಪ ಹತ್ತುತ್ತದೆ. ತಂತಿ ಕಡಿದರೂ, ಬ್ಯಾಟರಿ ಮುಗಿದರೂ ಬರುವುದು ಕೆಂಪೇ. ಕೆಟ್ಟರೂ ಜೀವ ಉಳಿಸುವಂತೆ ಕಟ್ಟಿದ ಏರ್ಪಾಡು ಇದು.

ಲೋಹದ ಅಚ್ಚಿನ ಪುಟ್ಟ ಗಾಡಿ, ಎರಡು ಹಳಿ, ಬ್ಯಾಟರಿ, ಕರೆಂಟು ಮಿತಿಗೊಳಿಸಲು ಒಂದು ರೆಸಿಸ್ಟರ್, ರಿಲೇ, ಎರಡು ಬಲ್ಬು ಇದ್ದರೆ ನಮ್ಮ ಮಕ್ಕಳು ಇದನ್ನು ವಿಜ್ಞಾನ ವಸ್ತುಪ್ರದರ್ಶನದಲ್ಲಿ ಮಾಡಿ ತೋರಿಸಬಹುದು.