ನೊರಜು ಎಂಬ ಹೆಸರಿನ ವಿಮಾನ

ಹಲಸಿನ ಹಣ್ಣು ಕೊಯ್ದಿಟ್ಟರೆ ಐದು ನಿಮಿಷದಲ್ಲಿ ಎಲ್ಲಿಂದಲೋ ಬಂದು ಮುತ್ತಿಕೊಳ್ಳುವ ಸಣ್ಣ ಹುಳ ಇದೆಯಲ್ಲ, ನೊರಜು, ಅದಕ್ಕೆ ಇಂಗ್ಲಿಷಿನಲ್ಲಿ ನ್ಯಾಟ್ ಅಂತಾರೆ. ಆ ಹೆಸರಿನ ಒಂದು ಯುದ್ಧವಿಮಾನ ನಮ್ಮ ಬೆಂಗಳೂರಿನಲ್ಲಿ ತಯಾರಾಗುತ್ತಿತ್ತು. ಅದರ ಪ್ಲಾಸ್ಟಿಕ್ ಮಾದರಿಯನ್ನು ನಾನು ಈಗ ಎರಡು ತಿಂಗಳಿಂದ ಮುಂತಜಾದ ನಮ್ಮ ರೂಮಿನಲ್ಲಿ, ಮಂಚದ ಪಕ್ಕದ ಸಣ್ಣ ಮೇಜಿನ ಮೇಲೆ ಜೋಡಿಸ್ತಾ ಇದ್ದೀನಿ. ರೂಮಿನವರೆಲ್ಲ "ಏನಣ್ಣ, ಮಕ್ಕಳ ಆಟದ ಸಾಮಾನು ಇಟ್ಕೊಂಡು ಕೂತಿದ್ದೀಯಲ್ಲ" ಅಂತ ನಗ್ತಾರೆ. ನಗಲಿ. ಆದರೆ ಈ ಆಟದ ಸಾಮಾನಿನ ಹಿಂದೆ ಒಂದು ದೊಡ್ಡ ಕಥೆ ಇದೆ. ಅದರಲ್ಲಿ ನಮ್ಮಂಥ ಕೆಲಸಗಾರರ ಪಾಲೂ ಇದೆ. ಅದಕ್ಕೇ ವಾರ್ಷಿಕ ಸಂಚಿಕೆಗೆ ಇದನ್ನೇ ಬರೆಯೋಣ ಅನ್ನಿಸಿತು.

ಮೊದಲು ಅಳತೆಯ ವಿಷಯ. ಕಿಟ್ ಡಬ್ಬದ ಮೇಲೆ 1:72 ಅಂತ ಇರುತ್ತೆ. ನಿಜವಾದ ವಿಮಾನದ 72 ಇಂಚು, ಅಂದರೆ ಆರು ಅಡಿ, ಮಾದರಿಯಲ್ಲಿ ಒಂದು ಇಂಚು. ಒಬ್ಬ ಆಳು ನಿಂತರೆ ಒಂದು ಇಂಚು ಅನ್ನಿ. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲಿ ಪೆಂಗ್ವಿನ್ ಅನ್ನೋ ಹೆಸರಲ್ಲಿ ಈ ಅಳತೆಯ ಪ್ಲಾಸ್ಟಿಕ್ ಕಿಟ್‌ಗಳನ್ನು ತಂದಿತು. ಎರಡನೇ ಮಹಾಯುದ್ಧ ಬಂದಾಗ ಇದು ಆಟವಾಗಿ ಉಳಿಯಲಿಲ್ಲ. ಆಕಾಶದಲ್ಲಿ ಹೋಗೋ ವಿಮಾನ ನಮ್ಮದೋ ಶತ್ರುವಿನದೋ ಅಂತ ಸೈನಿಕರು ಕ್ಷಣದಲ್ಲಿ ಗುರುತಿಸಬೇಕಿತ್ತು. ಅದಕ್ಕಾಗಿ 1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ ಐದು ಲಕ್ಷ ಮರದ ಮಾದರಿಗಳನ್ನು ಕೇಳಿತು. ಅವೂ 1:72. ಲೆಕ್ಕ ಸುಲಭ: 35 ಅಡಿ ದೂರದಲ್ಲಿಟ್ಟ ಮಾದರಿ ಕಣ್ಣಿಗೆ 2,520 ಅಡಿ ದೂರದ, ಅಂದರೆ ಹೆಚ್ಚುಕಡಿಮೆ ಅರ್ಧ ಮೈಲಿ ದೂರದ ನಿಜ ವಿಮಾನದಷ್ಟೇ ಕಾಣುತ್ತೆ. ಯುದ್ಧ ಮುಗಿದ ಮೇಲೆ ಏರ್‌ಫಿಕ್ಸ್ ಅನ್ನೋ ಕಂಪನಿ ಇದನ್ನು ಮನೆಮನೆಗೆ ತಲುಪಿಸಿತು. 1939ರಲ್ಲಿ ಹಂಗೇರಿಯಿಂದ ಬಂದ ನಿಕೊಲಸ್ ಕೋವ್ ಎಂಬುವರು ಶುರು ಮಾಡಿದ ಕಂಪನಿ ಅದು. ಮೊದಲು ಗಾಳಿ ತುಂಬೋ ರಬ್ಬರ್ ಆಟಿಕೆ, ಆಮೇಲೆ ಬಾಚಣಿಗೆ. 1953ರಲ್ಲಿ ಅವರ ಮೊದಲ ವಿಮಾನ ಸ್ಪಿಟ್‌ಫೈರ್ ಬಂತು. ವಲಸೆ ಬಂದವನೊಬ್ಬ ಬಾಚಣಿಗೆ ಮಾಡುತ್ತಾ ಮಾಡುತ್ತಾ ವಿಮಾನಕ್ಕೆ ಬಂದ ಕಥೆ ನಮಗೆ ಇಷ್ಟ ಆಗದೆ ಇರುತ್ತಾ?

ಇನ್ನೊಂದು ಮಾತು. 2010ರ ನಂತರದ ಎಷ್ಟೋ ಏರ್‌ಫಿಕ್ಸ್ ಡಬ್ಬಗಳ ಮೇಲೆ "ಮೇಡ್ ಇನ್ ಇಂಡಿಯಾ" ಅಂತ ಅಚ್ಚಾಗಿದೆ. ಬ್ರಿಟಿಷರ ಆಟಿಕೆ, ಭಾರತದ ಕೂಲಿ. ಆದರೆ ಅವರ ನ್ಯಾಟ್ ಕಿಟ್ ತೆಗೆದು ನೋಡಿದರೆ ಎರಡು ಸೀಟಿನ ತರಬೇತಿ ವಿಮಾನ. ಅದಕ್ಕೆ ರೆಡ್ ಆರೋಸ್ ತಂಡದ ಕೆಂಪು ಬಣ್ಣ. ಚೆಂದವಾಗಿದೆ, ಇಲ್ಲ ಅನ್ನಲ್ಲ. ಆದರೆ ಬೆಂಗಳೂರಿನಲ್ಲಿ ಕಟ್ಟಿದ್ದು ಅದಲ್ಲ. ನಮ್ಮದು ಒಂದೇ ಸೀಟಿನ ಯುದ್ಧವಿಮಾನ. ಅದರ ಕಿಟ್ ಬೇಕು ಅಂದ್ರೆ ಚೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿಯದು ಹುಡುಕಬೇಕು. ನಾನು ತರಿಸಿದ್ದು ಅದನ್ನೇ.

ನ್ಯಾಟ್ ರೂಪಿಸಿದವರು ಡಬ್ಲ್ಯು.ಇ.ಡಬ್ಲ್ಯು. ಪೆಟರ್. ಲೈಸಾಂಡರ್, ಕ್ಯಾನ್‌ಬೆರಾ ವಿಮಾನಗಳೂ ಅವರದೇ ಕೈಯವು. ಯುದ್ಧವಿಮಾನಗಳು ವರ್ಷವರ್ಷಕ್ಕೂ ದಪ್ಪ ಆಗ್ತಾ, ದುಬಾರಿ ಆಗ್ತಾ ಹೋಗ್ತಿವೆ, ಇದು ಸರಿ ಅಲ್ಲ ಅನ್ನೋದು ಅವರ ವಾದ. ಫೋಲಂಡ್ ಎಂಬ ಸಣ್ಣ ಕಂಪನಿಗೆ ಸೇರಿ ಅವರು ಮಾಡಿದ ನ್ಯಾಟ್ 1955ರ ಜುಲೈ 18ರಂದು ಮೊದಲು ಹಾರಿತು. ಉದ್ದ 8.74 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್. ಅದೇ ಕಾಲದ ಹಂಟರ್ ವಿಮಾನ 14 ಮೀಟರ್ ಉದ್ದ. ನನ್ನ ಮೇಜಿನ ಮೇಲೆ ನ್ಯಾಟ್ 12 ಸೆಂಟಿಮೀಟರ್ ಆಗುತ್ತೆ, ಅಂಗೈ ಮೇಲೆ ಕೂರುತ್ತೆ. ಪುಟ್ಟ ವಿಮಾನದಲ್ಲಿ ಜಾಗ ಉಳಿಸೋಕೆ ಪೆಟರ್ ಏನೇನು ಮಾಡಿದ್ದಾರೆ ಅನ್ನೋದು ಕಿಟ್ ಜೋಡಿಸುವಾಗ ಒಂದೊಂದಾಗಿ ಗೊತ್ತಾಗುತ್ತೆ. ಎರಡು 30 ಮಿ.ಮೀ. ಫಿರಂಗಿಗಳನ್ನು ಗಾಳಿ ಎಳೆಯುವ ಬಾಯಿಗಳ ಪಕ್ಕದಲ್ಲೇ ತುರುಕಿದ್ದಾರೆ. ವೇಗ ತಗ್ಗಿಸೋಕೆ ಬೇರೆ ಬ್ರೇಕ್ ಹಲಗೆ ಇಲ್ಲ, ಚಕ್ರಗಳನ್ನೇ ಅರ್ಧ ಇಳಿಸಿದರೆ ಅದೇ ಬ್ರೇಕು. ಇಷ್ಟೆಲ್ಲ ಮಾಡಿದರೂ ಬ್ರಿಟನ್ ತನ್ನ ವಾಯುಪಡೆಗೆ ಯುದ್ಧವಿಮಾನವಾಗಿ ಇದನ್ನು ಕೊಳ್ಳಲಿಲ್ಲ, ತರಬೇತಿಗೆ ಮಾತ್ರ ತಗೊಂಡಿತು. ಫಿನ್ಲೆಂಡ್ 13 ಕೊಂಡಿತು. ಮನಸ್ಸಿಟ್ಟು ಕೊಂಡಿದ್ದು ಭಾರತ. ಪೆಟರ್ ಆಮೇಲೆ ವಿಮಾನದ ಕೆಲಸವನ್ನೇ ಬಿಟ್ಟು, ಸ್ವಿಟ್ಜರ್ಲೆಂಡಿಗೆ ಹೋಗಿ ಒಂದು ಧಾರ್ಮಿಕ ಗುಂಪಿನ ಜೊತೆ ಬದುಕಿದರು.

1956ರಲ್ಲಿ ಭಾರತಕ್ಕೆ ಲೈಸೆನ್ಸ್ ಸಿಕ್ಕಿತು. ಕೆಲಸ ಬಂದಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ, ನಾವೆಲ್ಲ ಎಚ್‌ಎಎಲ್ ಅನ್ನೋದಕ್ಕೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆ ಸೇರಿ 1940ರ ಡಿಸೆಂಬರ್ 23ರಂದು ಶುರು ಮಾಡಿದ ಕಾರ್ಖಾನೆ ಅದು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಯುದ್ಧಕಾಲದಲ್ಲಿ ಅಮೆರಿಕನ್ನರ ವಿಮಾನಗಳನ್ನು ರಿಪೇರಿ ಮಾಡಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ಇವತ್ತು ಆ ಕೆರೆಯ ನೊರೆ ನೋಡಿದವರು ಇದನ್ನು ನಂಬೋದು ಕಷ್ಟ. ಯುದ್ಧ ಮುಗಿದ ಮೇಲೆ ಅಲ್ಲೇ ರೈಲು ಬೋಗಿ, ಬಸ್ಸಿನ ಬಾಡಿ ಕಟ್ಟಿದರು. 1951ರಲ್ಲಿ ವಿ.ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು.

ಈಗ ನನಗೆ ಬಹಳ ಇಷ್ಟವಾದ ಸಂಗತಿ. ಭಾರತದ ಮೊದಲ 13 ನ್ಯಾಟ್‌ಗಳನ್ನು ಇಂಗ್ಲೆಂಡಿನ ಹ್ಯಾಂಬಲ್‌ನಲ್ಲೇ ಜೋಡಿಸಿ ಕೊಟ್ಟರು. ಆಮೇಲೆ ಅರ್ಧಂಬರ್ಧ ಮುಗಿದ ವಿಮಾನಗಳು ಬೆಂಗಳೂರಿಗೆ ಬಂದವು, ಅದಾದ ಮೇಲೆ ಬಿಡಿ ಭಾಗಗಳು, ಕೊನೆಗೆ ಎಲ್ಲವೂ ಇಲ್ಲೇ. ಅಂದರೆ ನಮ್ಮವರು ಕೂಡ ಶುರು ಮಾಡಿದ್ದು ಕಿಟ್ ಜೋಡಿಸಿಯೇ! ಬೆಂಗಳೂರಿನಲ್ಲಿ ಜೋಡಿಸಿದ ಮೊದಲ ನ್ಯಾಟ್ 1959ರಲ್ಲಿ ಹಾರಿತು. ಅದರ ಆರ್ಫಿಯಸ್ ಎಂಜಿನ್ನನ್ನೂ ಮುಂದೆ ಬೆಂಗಳೂರಿನಲ್ಲೇ ಮಾಡಿದರು.

ನಮ್ಮ ದೊಡ್ಡಪ್ಪ ಅಲ್ಲಿ ರಿವೆಟ್ ಹೊಡೆಯುವ ಕೆಲಸ ಮಾಡ್ತಿದ್ದರು. ನಾನು ಇಲ್ಲಿ ಎಸಿ ಡಕ್ಟ್ ಕೆಲಸದವನು, ದಿನಕ್ಕೆ ನೂರಾರು ಪಾಪ್ ರಿವೆಟ್ ಹೊಡೀತೀನಿ. ಒಬ್ಬನೇ ಹೊಡೀಬಹುದು, ಗನ್ ಇಟ್ಟು ಒತ್ತಿದರೆ ಆಯ್ತು. ವಿಮಾನದ ರಿವೆಟ್ ಹಾಗಲ್ಲ ಅಂತ ದೊಡ್ಡಪ್ಪ ಹೇಳೋರು. ಅದಕ್ಕೆ ಇಬ್ಬರು ಬೇಕು. ಹೊರಗಡೆ ಒಬ್ಬ ಗನ್ ಹಿಡೀತಾನೆ, ಒಳಗಡೆ ಇನ್ನೊಬ್ಬ ಕಬ್ಬಿಣದ ಗಟ್ಟಿ ಹಿಡಿದು ತಡೀತಾನೆ. ನಡುವೆ ತಗಡು ಇರೋದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಸದ್ದಿನಲ್ಲೇ ಮಾತು. ಸರಿಯಾಗಿ ಕೂತರೆ ಒಂದು ಸದ್ದು, ಕೂರದಿದ್ದರೆ ಇನ್ನೊಂದು. ನ್ಯಾಟಿನಂಥ ಸಣ್ಣ ವಿಮಾನದಲ್ಲಿ ಒಳಗೆ ಕೈ ಹಾಕೋ ಜಾಗವೇ ಕಡಿಮೆ, ಅದಕ್ಕೆ ತೆಳ್ಳಗಿನ ಹುಡುಗರನ್ನೇ ಒಳಗಡೆ ಬಿಡ್ತಿದ್ದರಂತೆ. ದೊಡ್ಡಪ್ಪ ಆಗ ಕಡ್ಡಿಯಂತಿದ್ದರು, ಅವರದು ಯಾವಾಗಲೂ ಒಳಗಿನ ಪಾಳಿ.

ನಾಲ್ಕು ಮಿಲಿಮೀಟರ್ ರಿವೆಟ್ ತಲೆಯನ್ನು 72ರಿಂದ ಭಾಗಿಸಿ ನೋಡಿ. ಕೂದಲಿಗಿಂತ ಸಣ್ಣ. ಹಾಗಾಗಿ ಈ ಅಳತೆಯ ಕಿಟ್ಟಿನಲ್ಲಿ ರಿವೆಟ್ ಸರಿಯಾಗಿ ತೋರಿಸೋಕೆ ಯಾರಿಂದಲೂ ಆಗಲ್ಲ. ತಗಡಿನ ಜೋಡಣೆಯ ಗೆರೆಗಳನ್ನು ಮಾತ್ರ ಕೆತ್ತಿರುತ್ತಾರೆ. ಪೈಲಟ್ಟಿನ ಸೀಟು, ಫಿರಂಗಿಯ ತೂತು, ಚಕ್ರದ ಕಾಲು ಎಲ್ಲಾ ಇವೆ, ದೊಡ್ಡಪ್ಪನ ಕೆಲಸ ಮಾತ್ರ ಕಾಣಲ್ಲ.

ಯುದ್ಧದ ಕಥೆ ಬಹಳ ಜನಕ್ಕೆ ಗೊತ್ತು, ಚುಟುಕಾಗಿ ಹೇಳ್ತೀನಿ. 1965ರ ಸೆಪ್ಟೆಂಬರ್ 3ರಂದು ಟ್ರೆವರ್ ಕೀಲರ್ ನ್ಯಾಟ್‌ನಿಂದ ಪಾಕಿಸ್ತಾನದ ಸೇಬರ್ ವಿಮಾನಕ್ಕೆ ಹೊಡೆದರು. ಅಲ್ಲಿಂದ 'ಸೇಬರ್ ಸ್ಲೇಯರ್' ಅನ್ನೋ ಬಿರುದು ಬಂತು. 1971ರ ನವೆಂಬರ್ 22ರಂದು ಬೊಯ್ರಾ ಬಳಿ ಮ್ಯಾಸ್ಸಿ, ಗಣಪತಿ, ಲಾಜರಸ್, ಸೋರೆಸ್ ಹಾರಿಸುತ್ತಿದ್ದ ನಾಲ್ಕು ನ್ಯಾಟ್‌ಗಳು ಸೇಬರ್‌ಗಳನ್ನು ಎದುರಿಸಿದವು. ಅಂದು ಸೆರೆ ಸಿಕ್ಕ ಪಾಕಿಸ್ತಾನಿ ಪೈಲಟ್‌ಗಳಲ್ಲಿ ಒಬ್ಬರಾದ ಪರ್ವೇಜ್ ಮೆಹ್ದಿ ಕುರೇಶಿ ಮುಂದೆ ಆ ದೇಶದ ವಾಯುಪಡೆಯ ಮುಖ್ಯಸ್ಥರಾದರು. ಅದೇ ವರ್ಷ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಬಾಂಬ್ ಬೀಳುತ್ತಿರುವಾಗಲೇ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ನ್ಯಾಟ್ ಏರಿಸಿಕೊಂಡು ಹೋಗಿ ಒಂಟಿಯಾಗಿ ಹೋರಾಡಿ ಸತ್ತರು. ವಾಯುಪಡೆಯಲ್ಲಿ ಪರಮವೀರ ಚಕ್ರ ಸಿಕ್ಕಿರೋದು ಅವರೊಬ್ಬರಿಗೇ. ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರನ್ನೂ ಕೆಲವರು ಈ ಲೆಕ್ಕಕ್ಕೆ ಸೇರಿಸ್ತಾರೆ. ಅವರು ಸರ್ಗೋಧಾ ಮೇಲೆ ಹೋಗಿದ್ದು ನ್ಯಾಟ್‌ನಲ್ಲಿ ಅಲ್ಲ, ಫ್ರಾನ್ಸಿನ ಮಿಸ್ಟೇರ್‌ನಲ್ಲಿ, 1965ರ ಸೆಪ್ಟೆಂಬರ್ 7ರಂದು. ಮಹಾವೀರ ಚಕ್ರ ಬಂದಿದ್ದು 1988ರಲ್ಲಿ, ಅವರು ಸತ್ತು 23 ವರ್ಷ ಆದ ಮೇಲೆ.

ನ್ಯಾಟ್ ಹೊಗಳುವವರು ಒಂದು ಸಂಗತಿ ಬಿಟ್ಟುಬಿಡ್ತಾರೆ. ಕೀಲರ್ ಹೊಡೆದ ದಿನವೇ ಇನ್ನೊಂದು ನ್ಯಾಟ್ ಪಾಕಿಸ್ತಾನದ ಪಸ್ರೂರ್ ಎಂಬಲ್ಲಿ ಇಳಿಯಿತು. ಪೈಲಟ್ ಬ್ರಿಜ್‌ಪಾಲ್ ಸಿಂಗ್ ಸಿಕಂದ್. ದಾರಿ ತಪ್ಪಿ ಇಳಿದರು ಅಂತ ನಮ್ಮವರು, ನಾವೇ ಇಳಿಸಿದೆವು ಅಂತ ಅವರು. ಆ ವಿಮಾನ ಕರಾಚಿಯ ವಾಯುಪಡೆ ಮ್ಯೂಸಿಯಮ್ಮಿನಲ್ಲಿ ನಿಂತಿದೆ. ಇದನ್ನು ನನಗೆ ಮೊದಲು ಹೇಳಿದ್ದು ಪುಸ್ತಕ ಅಲ್ಲ, ನಮ್ಮ ಬಿಲ್ಡಿಂಗಿನ ಕೆಳಗಿನ ಮಹಡಿಯ ಕರಾಚಿಯ ಎಲೆಕ್ಟ್ರಿಷಿಯನ್ ಚಾಚಾ. ಒಂದು ಶುಕ್ರವಾರ ಫ್ಯೂಸ್ ನೋಡೋಕೆ ಬಂದವರು ಮೇಜಿನ ಹತ್ತಿರ ನಿಂತುಬಿಟ್ಟರು. "ಅರೇ, ಯೇ ತೋ ಹಮಾರೇ ಕರಾಚಿ ಮೇ ಖಡಾ ಹೈ" ಅಂದರು. ರೂಮಿನಲ್ಲಿ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ನಾನು "ಚಾಚಾ, ಅದನ್ನ ಕಟ್ಟಿದ್ದು ನಮ್ಮ ದೊಡ್ಡಪ್ಪನ ಕಡೆಯವರು" ಅಂತ ಹಿಂದಿಯಲ್ಲಿ ಹೇಳಿದೆ. ಅವರು ಮ್ಯೂಸಿಯಮ್ಮಿಗೆ ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿದ್ದರಂತೆ. "ಬಹುತ್ ಛೋಟಾ ಹೈ, ಹಾಥ್ ಲಗಾಯಾ ಥಾ ಮೈನೇ" ಅಂದರು. ಮುಟ್ಟಿದ್ದರಂತೆ. ದೊಡ್ಡಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ತುಕ್ಕು ಹಿಡಿದಿದೆಯೇನೋ ಅದು?" ಅಲ್ಯೂಮಿನಿಯಮ್ಮಿಗೆ ತುಕ್ಕು ಎಲ್ಲಿ ಬರುತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೂ ಕೇಳಿದರು.

ಈ ವಿಮಾನಕ್ಕೆ ತೊಂದರೆಗಳೂ ಇದ್ದವು. ಫಿರಂಗಿ ನಡುವೆ ಸಿಕ್ಕಿಕೊಳ್ಳುತ್ತಿತ್ತು, ಹಿಂಬಾಲದ ಹಿಡಿತದಲ್ಲಿ, ಹೈಡ್ರಾಲಿಕ್‌ನಲ್ಲಿ ಕಿರಿಕಿರಿ. ಹೆಚ್ಚಿನ ಇಂಧನವನ್ನು ರೆಕ್ಕೆ ಕೆಳಗಿನ ಟ್ಯಾಂಕುಗಳಲ್ಲಿ ನೇತುಹಾಕಬೇಕಿತ್ತು, ಆಗ ಬಾಂಬಿಗೆ ಜಾಗ ಇಲ್ಲ. ಎಚ್‌ಎಎಲ್‌ನವರು ರೆಕ್ಕೆಯ ಒಳಗೇ ಇಂಧನ ತುಂಬುವ ಹಾಗೆ ಮಾಡಿ, ಇನ್ನೂ ಹಲವು ತಿದ್ದುಪಡಿ ಮಾಡಿ ಅಜೀತ್ ಅಂತ ಹೆಸರಿಟ್ಟರು. 1975ರಲ್ಲಿ ಹಾರಿತು, 1991ರವರೆಗೆ ಸೇವೆಯಲ್ಲಿತ್ತು. ಬೆಂಗಳೂರಿಗೆ ಹೋದಾಗ ಎಚ್‌ಎಎಲ್ ಮ್ಯೂಸಿಯಮ್ಮಿನಲ್ಲಿ ನೋಡಬಹುದು. ಮಕ್ಕಳನ್ನು ಕರ್ಕೊಂಡು ಹೋಗಿ. ಹೊಸದಾಗಿ ವಿನ್ಯಾಸ ಮಾಡೋದಕ್ಕಿಂತ ಇನ್ನೊಬ್ಬರು ಮಾಡಿದ್ದನ್ನು ಒಳಗಿಂದ ತಿಳಿದು ತಿದ್ದೋದು ಸಣ್ಣ ಕೆಲಸ ಅಂತ ಕೆಲವರು ಬರೀತಾರೆ. ಹಳೇ ಬಿಲ್ಡಿಂಗಿನ ಡಕ್ಟ್ ಲೈನು ತಿದ್ದಿದವರು ಯಾರೂ ಆ ಮಾತು ಹೇಳಲ್ಲ.

ಆ ಕಾಲದ ಬೆಂಗಳೂರಿನ ಕಾರ್ಮಿಕರ ಕಥೆ ಹೇಳುವಾಗ 77 ದಿನದ ಮುಷ್ಕರ ಬಿಡೋ ಹಾಗಿಲ್ಲ. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ ಎಚ್‌ಎಎಲ್, ಎಚ್‌ಎಂಟಿ, ಐಟಿಐ, ಬಿಇಎಲ್, ಬಿಇಎಂಎಲ್‌ನ ಲಕ್ಷಕ್ಕೂ ಹೆಚ್ಚು ಕೆಲಸಗಾರರು ಸಂಬಳದ ವಿಷಯಕ್ಕೆ ಕೆಲಸ ನಿಲ್ಲಿಸಿದರು. ನಮ್ಮ ದೊಡ್ಡಮ್ಮ ಆ ಮೂರು ತಿಂಗಳು ರಾಗಿ ಮುದ್ದೆ, ಹುಣಸೆ ಗೊಜ್ಜಿನಲ್ಲೇ ಮನೆ ನಡೆಸಿದರು ಅಂತ ಈಗಲೂ ಹೇಳ್ತಾರೆ. ನಾಡಿಗೆ ಸಂಬಳ ಕಳಿಸೋ ನಮಗೆ ಆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕತಾರಿಗೂ ಈ ಕಥೆಯ ಒಂದು ಎಳೆ ತಾಗುತ್ತೆ. 1970ರ ದಶಕದಲ್ಲಿ ಇಲ್ಲಿನ ವಾಯುಪಡೆಯ ಬಳಿ ಇದ್ದದ್ದು ಮೂರು ಒಂಟಿ ಸೀಟಿನ, ಒಂದು ಜೋಡಿ ಸೀಟಿನ ಹಂಟರ್‌ಗಳು. ಭಾರತವೂ ಅದೇ ಹಂಟರ್ ಹಾರಿಸುತ್ತಿತ್ತು. ಮುಂತಜಾದ ಹಳಬರಿಗೆ ವಿಮಾನದ ಸದ್ದು ಹೊಸದಲ್ಲ. 2014ರಲ್ಲಿ ಹಮದ್ ಏರ್‌ಪೋರ್ಟ್ ತೆರೆಯೋವರೆಗೂ ಹಳೇ ಏರ್‌ಪೋರ್ಟಿಗೆ ಬರುವ ವಿಮಾನಗಳು ಈ ಕಡೆಯ ಟೆರೇಸುಗಳ ಮೇಲೆ ಎಷ್ಟು ಕೆಳಗೆ ಬರ್ತಿದ್ದವು ಅಂದ್ರೆ, ಹೊಟ್ಟೆಯ ಗೆರೆಗಳೆಲ್ಲ ಕಾಣ್ತಿದ್ದವು.

ಕಿಟ್ ಜೋಡಿಸಬೇಕು ಅನ್ನೋರಿಗೆ ಎರಡು ಮಾತು. ಪ್ಲಾಸ್ಟಿಕ್ ಅಂಟು ಬರೀ ಅಂಟಲ್ಲ, ಅದು ಪಾಲಿಸ್ಟೈರೀನನ್ನು ಕರಗಿಸಿ ಎರಡು ತುಂಡನ್ನು ಒಂದು ಮಾಡುತ್ತೆ. ವೆಲ್ಡಿಂಗ್ ಥರ. ಅದಕ್ಕೇ ಕಡಿಮೆ ಹಚ್ಚಬೇಕು, ಕಿಟಕಿ ತೆಗೆದಿರಬೇಕು. ಬೆಂಕಿ ಹತ್ತೋ ವಸ್ತು, ಊರಿಂದ ವಿಮಾನದಲ್ಲಿ ತರೋಕೆ ಬಿಡಲ್ಲ, ಇಲ್ಲೇ ಕೊಳ್ಳಬೇಕು. ಬೇಸಿಗೆಯ ತೇವದಲ್ಲಿ ಬಣ್ಣ ಒಣಗೋದು ತಡ, ಎಸಿ ಇರೋ ರೂಮಿನಲ್ಲೇ ಹಚ್ಚಿ. ತ್ರಿವರ್ಣದ ಗುಂಡು ಗುರುತು ತೆಳುವಾದ ಸ್ಟಿಕ್ಕರ್, ನೀರಿನಲ್ಲಿ ಅದ್ದಿ ಜಾರಿಸಿ ಕೂರಿಸಬೇಕು. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು.

ನ್ಯಾಟ್ ಮುಗಿದ ಮೇಲೆ ನನ್ನ ಕಣ್ಣು ಮರುತ್ ಮೇಲಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ರೂಪಿಸಿದ ಎಚ್‌ಎಫ್-24. 1961ರ ಜೂನ್ 17ರಂದು ಸುರಂಜನ್ ದಾಸ್ ಅದನ್ನು ಮೊದಲು ಹಾರಿಸಿದರು. ಆದರೆ ಅದಕ್ಕೂ ಮುಂಚೆ ಎಚ್‌ಎಎಲ್ ಬಡಗಿಗಳು ಪೂರ್ತಿ ಅಳತೆಯ ಒಂದು ಮರದ ಮರುತ್ ಮಾಡಿದ್ದರು, ಎಂಜಿನ್ ಇಲ್ಲದ್ದು. ಅದನ್ನು ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದು ಬಿಡ್ತಿದ್ದರು, ದಾಸ್ ಅದನ್ನು ಜಾರಿಸಿಕೊಂಡು ಇಳಿಸ್ತಿದ್ದರು. 1:72 ಅಲ್ಲ, 1:1 ಮಾದರಿ! ಆ ಮರದ ಮರುತ್ತಿನ ಕಿಟ್ ಯಾವ ಅಂಗಡಿಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಸನಯಾದ ಮರದ ವರ್ಕ್‌ಶಾಪಿನ ನಮ್ಮ ಶಿರಸಿ ಕಡೆಯ ಗೆಳೆಯರೊಬ್ಬರು ಒಂದು ತೇಗದ ತುಂಡು ಕೊಟ್ಟಿದ್ದಾರೆ. ರಂಜಾನ್ ತಿಂಗಳಲ್ಲಿ ಕೆಲಸದ ಹೊತ್ತು ಕಡಿಮೆ ಇರುತ್ತಲ್ಲ, ಆಗ ಕೆತ್ತೋಕೆ ಶುರು ಮಾಡ್ತೀನಿ.